ಪ್ರಾಚೀನ ಶಾಸ್ತ್ರಜ್ಞಾನ: ಗ್ರಂಥಭಂಡಾರದಿಂದ ಮಕ್ಕಳ ಕೈಗೆ
(ಪ್ರತಿಷ್ಠಾ ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಪಾಠ)



ಬಸದಿಯೊಂದು ನಿರ್ಮಾಣಗೊಂಡು ಅದರಲ್ಲಿ ಜಿನಬಿಂಬವು ಪ್ರತಿಷ್ಠಾಪಿತವಾಗುವುದೆಂದರೆ ಅದು ಕೇವಲ ಕಲ್ಲು, ಗಾರೆ, ಲೋಹಗಳ ಕಾರ್ಯವಲ್ಲ. ಅದರ ಹಿಂದೆ ದಿಕ್ಕನ್ನು ನಿರ್ಣಯಿಸಿದ ಗಣಿತವಿದೆ. ಕಂಬದ ಎತ್ತರಕ್ಕೂ ಪಾದದ ಅಗಲಕ್ಕೂ ಹೊಂದಿಕೆಯನ್ನು ಕಲ್ಪಿಸಿದ ಶಿಲ್ಪವಿದೆ. ಲೋಹವನ್ನು ಕರಗಿಸಿ ಶಾಂತಮುದ್ರೆಯನ್ನು ಒಡಮೂಡಿಸಿದ ಎರಕದ ವಿದ್ಯೆಯಿದೆ. ಪೂಜಾವಿಧಿಯನ್ನು ಶತಮಾನಗಳ ಕಾಲ ಕಾಪಾಡಿದ ಓಲೆಗರಿಯ ತಂತ್ರವಿದೆ. ಪಂಚಕಲ್ಯಾಣಗಳಲ್ಲಿ ನಾಲ್ಕನೆಯದು ಕೇವಲಜ್ಞಾನ ಕಲ್ಯಾಣ. ಜ್ಞಾನವನ್ನು ಉತ್ಸವವಾಗಿ ಆಚರಿಸುವ ಸಮಾಜದಲ್ಲಿ, ಆ ಸಮಾಜದ ಪೂರ್ವಾಚಾರ್ಯರು ಕಂಡ ಲೌಕಿಕ ಜ್ಞಾನವು ಮಕ್ಕಳಿಗೆ ಎಷ್ಟುಮಟ್ಟಿಗೆ ತಲುಪಿದೆ ಎಂಬ ಪ್ರಶ್ನೆಯನ್ನು ಈ ಶುಭಸಂದರ್ಭದಲ್ಲಿ ಎತ್ತುವುದು ಅನುಚಿತವಾಗಲಾರದು.

ಇಂದಿನ ಸ್ಥಿತಿಯನ್ನು ಮುಚ್ಚಿಡಬೇಕಾದುದಿಲ್ಲ. ಗಣಿತಸಾರಸಂಗ್ರಹ ಎಂಬ ಹೆಸರನ್ನು ಹಲವು ಮಕ್ಕಳು ಭಾಷಣ ಸ್ಪರ್ಧೆಗಾಗಿ ಬಾಯಿಪಾಠ ಮಾಡಿರುತ್ತಾರೆ. ಅದರೊಳಗಿನ ಒಂದು ಲೆಕ್ಕವನ್ನಾದರೂ ಮಾಡಿದವರು ವಿರಳ. ಶ್ರುತಪಂಚಮಿಯಂದು ಓಲೆಯ ಕಟ್ಟಿಗೆ ಗಂಧಾಕ್ಷತೆಗಳನ್ನಿರಿಸಿ ಕೈಮುಗಿಯುತ್ತಾರೆ. ಆ ಓಲೆಯ ಮೇಲೆ ಅಕ್ಷರ ಹೇಗೆ ಮೂಡಿತೆಂಬುದನ್ನು ಅರಿಯರು. ಪೂಜೆಯು ಬೇಡವೆಂದಲ್ಲ. ಆದರೆ ಪೂಜಿಸಲ್ಪಟ್ಟರೂ ಓದಲ್ಪಡದ ಗ್ರಂಥ ನಿಧಾನವಾಗಿ ಮೂಕವಾಗುತ್ತದೆ.

ಧವಲದ ಪಾಠ

ಇದಕ್ಕೆ ಬೇರೆಡೆ ನಿದರ್ಶನ ಹುಡುಕಬೇಕಾಗಿಲ್ಲ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯು ಕ್ರಿ. ಶ. 816ರಲ್ಲಿ ಪೂರ್ಣಗೊಂಡಿತೆಂಬುದು ಅನೇಕ ವಿದ್ವಾಂಸರ ಮತ. ಅದರ ತಾಡವೋಲೆಯ ಪ್ರತಿಗಳು ಉಳಿದುಬಂದುದು ಮೂಡಬಿದಿರೆಯಲ್ಲಿ. ಶತಮಾನಗಳ ಕಾಲ ಅವು ಯಾತ್ರಿಕರ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದುವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳ ಪ್ರತಿ ಮಾಡುವ ಕಾರ್ಯ ತೊಡಗಿತು. ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಮೊದಲ ಸಂಪುಟವು ಅಚ್ಚಾಗಿ, 1958ರ ವೇಳೆಗೆ ಹದಿನಾರು ಸಂಪುಟಗಳು ಹೊರಬಂದುವು. 1942ರ ನಾಲ್ಕನೆಯ ಸಂಪುಟದಲ್ಲಿ ಗಣಿತಜ್ಞ ಡಾ. ಅವಧೇಶ ನಾರಾಯಣ ಸಿಂಹರು ಧವಲದ ಗಣಿತವನ್ನು ಕುರಿತು ಬರೆದ ಬಳಿಕವೇ, ಅದರಲ್ಲಿ ಅಡಗಿದ್ದ ಸಂಖ್ಯಾವಿಚಾರವು ವಿದ್ವತ್ಪ್ರಪಂಚದ ಗಮನಕ್ಕೆ ಬಂದಿತು. ಗ್ರಂಥ ಉಳಿದದ್ದು ಭಕ್ತಿಯಿಂದ. ಅದರ ಅರ್ಥ ಬೆಳಗಿದ್ದು ಅಧ್ಯಯನದಿಂದ. ಎರಡರಲ್ಲಿ ಒಂದು ಇಲ್ಲದಿದ್ದರೂ ಆ ನಿಧಿಯು ಲೋಕಕ್ಕೆ ದಕ್ಕುತ್ತಿರಲಿಲ್ಲ.

ಧವಲದಲ್ಲಿ ಬರುವ ಅರ್ಧಚ್ಛೇದ ಎಂಬ ಪರಿಭಾಷೆಯನ್ನೇ ತೆಗೆದುಕೊಳ್ಳಬಹುದು. ಒಂದು ಸಂಖ್ಯೆಯನ್ನು ಎಷ್ಟು ಬಾರಿ ಅರ್ಧ ಮಾಡಿದರೆ ಒಂದು ಉಳಿಯುವುದೋ ಅದು ಅದರ ಅರ್ಧಚ್ಛೇದ. ಜೀವರಾಶಿಗಳ ಪ್ರಮಾಣವನ್ನು ಹೇಳುವಾಗ ಬರುವ ಅತಿ ವಿಶಾಲ ಸಂಖ್ಯೆಗಳನ್ನು ಹಿಡಿತಕ್ಕೆ ತರಲು ಆಚಾರ್ಯರಿಗೆ ಇಂಥ ಸಾಧನ ಬೇಕಾಯಿತು. ಈ ವ್ಯಾಖ್ಯೆಯನ್ನು ಹಲಗೆಯ ಮೇಲೆ ಬರೆದರೆ ಹತ್ತು ವರ್ಷದ ಬಾಲಕ ಆಕಳಿಸುತ್ತಾನೆ. ಅವನ ಮುಂದೆ 32 ಹುಣಸೆಬೀಜಗಳನ್ನಿರಿಸಿ, ಪ್ರತಿ ಸಲವೂ ಅರ್ಧವನ್ನು ಪಕ್ಕಕ್ಕಿಡು ಎಂದರೆ ಆಟವಾಗುತ್ತದೆ. ಹದಿನಾರು, ಎಂಟು, ನಾಲ್ಕು, ಎರಡು, ಒಂದು: ಐದು ಬಾರಿ. ಆದುದರಿಂದ 32ರ ಅರ್ಧಚ್ಛೇದ ಐದು. ಎಂಟು ಬೀಜಗಳದು ಮೂರು, ನಾಲ್ಕರದು ಎರಡು. ಎಂಟನ್ನು ನಾಲ್ಕರಿಂದ ಗುಣಿಸಿದರೆ 32. ಮೂರಕ್ಕೆ ಎರಡು ಕೂಡಿಸಿದರೆ ಐದು. ಗುಣಾಕಾರವು ಸಂಕಲನವಾಗಿ ಇಳಿದುದನ್ನು ಬಾಲಕನು ತಾನೇ ಕಾಣುತ್ತಾನೆ. ಧವಲಕ್ಕೂ ಈ ನಿಯಮ ತಿಳಿದಿತ್ತು. ಯೂರೋಪಿನಲ್ಲಿ ನೇಪಿಯರನು 1614ರಲ್ಲಿ ಪ್ರಕಟಿಸಿದ ಲಾಗರಿದಮ್ ಕೋಷ್ಟಕಗಳು ಬೇರೆ ಉದ್ದೇಶದಿಂದ, ಬೇರೆ ಮಾರ್ಗದಿಂದ ಬಂದುವು. ಆದರೆ ಎರಡರ ಬೇರಿನಲ್ಲಿಯೂ ಇರುವ ತತ್ತ್ವ ಇದೇ. ಮುಂದೆ ಕಾಲೇಜಿನಲ್ಲಿ ಆ ಹೆಸರನ್ನು ಕೇಳಿದಾಗ ಆ ವಿದ್ಯಾರ್ಥಿಗೆ ಹುಣಸೆಬೀಜಗಳು ನೆನಪಾಗದಿರವು.

ಮಹಾವೀರಾಚಾರ್ಯರ ಅಂಗಡಿ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಕ್ರಿ. ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದರು. ಇದು ಜ್ಯೋತಿಷದ ಅಂಗವಾಗಿ ಬರೆದ ಗಣಿತವಲ್ಲ, ಗಣಿತಕ್ಕಾಗಿಯೇ ಬರೆದ ಗ್ರಂಥ. ಅಡಿಗೆ, ವೈದ್ಯ, ವಾಸ್ತು, ಸಂಗೀತ, ಛಂದಸ್ಸು, ವ್ಯಾಕರಣ ಇವೆಲ್ಲಕ್ಕೂ ಗಣಿತ ಬೇಕೆಂದು ಆಚಾರ್ಯರು ಆರಂಭದಲ್ಲಿಯೇ ಸಾರುತ್ತಾರೆ. 1912ರಲ್ಲಿ ಮದರಾಸಿನಲ್ಲಿ ಪ್ರೊ. ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಅದು ಪ್ರಕಟವಾಯಿತು, ಡಾ. ಪದ್ಮಾವತಮ್ಮನವರ ಕನ್ನಡ ಅನುವಾದವು 2000ದಲ್ಲಿ ಹೊಂಬುಜದಿಂದ ಹೊರಬಂದಿದೆ. ಹೀಗಿರುವಾಗ ಗ್ರಂಥ ಸಿಗದು, ಭಾಷೆ ತಿಳಿಯದು ಎಂಬ ನೆಪಗಳಿಗೆ ಎಡೆಯಿಲ್ಲ.

ಈ ಗ್ರಂಥವು ಮಕ್ಕಳ ಪಾಲಿಗೆ ಒಂದು ತುಂಬಿದ ಅಂಗಡಿಯಿದ್ದಂತೆ. ಕೆಲವು ಸರಕುಗಳನ್ನು ಎತ್ತಿ ನೋಡಬಹುದು.

ಮೊದಲನೆಯದು ಸಂಖ್ಯಾಹಾರ. ಗುಣಾಕಾರದ ಫಲವು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವಂಥ ಲೆಕ್ಕಗಳನ್ನು ಆಚಾರ್ಯರು ಕಂಠಾಭರಣಗಳಿಗೆ ಹೋಲಿಸಿದ್ದಾರೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು, 11111111. 27994681ನ್ನು 441ರಿಂದ ಗುಣಿಸಿದರೆ 12345654321. ಅಂಕಿಗೊಂದು ಬಣ್ಣದಂತೆ ಮಣಿಗಳನ್ನು ಕೊಟ್ಟು, ಬಂದ ಫಲವನ್ನು ದಾರದಲ್ಲಿ ಪೋಣಿಸಲು ಹೇಳಿದರೆ, ಲೆಕ್ಕ ತಪ್ಪಿದ ಮಗುವಿನ ಹಾರ ಎರಡು ಕಡೆಗೂ ಒಂದೇ ಆಗಿ ಕಾಣುವುದಿಲ್ಲ. ಗುರುವು ತಪ್ಪೆಂದು ಹೇಳಬೇಕಾಗಿಲ್ಲ, ಹಾರವೇ ಹೇಳುತ್ತದೆ. ತನ್ನ ತಪ್ಪನ್ನು ತಾನೇ ಕಂಡುಕೊಂಡ ಮಗು ಅಳುವುದಿಲ್ಲ, ಮತ್ತೆ ಎಣಿಸುತ್ತದೆ.

ಎರಡನೆಯದು ಷಡ್ರಸ. ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯ ಎಂಬ ಆರು ರಸಗಳನ್ನು ಎಷ್ಟು ವಿಧವಾಗಿ ಬೆರೆಸಬಹುದು ಎಂಬ ಪ್ರಶ್ನೆ ಗ್ರಂಥದಲ್ಲಿದೆ; ಅದನ್ನು ಬಿಡಿಸುವ ಸಾಮಾನ್ಯ ಸೂತ್ರವನ್ನೂ ಆಚಾರ್ಯರು ಕೊಟ್ಟಿದ್ದಾರೆ. ಬೆಲ್ಲ, ಹುಣಸೆ, ಉಪ್ಪು, ಮೆಣಸು, ಮೆಂತ್ಯ, ನೆಲ್ಲಿಯ ಚೆಟ್ಟು ಎಂದು ಆರು ಬಟ್ಟಲುಗಳನ್ನಿಟ್ಟು ಮಕ್ಕಳನ್ನು ಕೂರಿಸಬಹುದು. ಒಂದೊಂದಾಗಿ ಆರು, ಎರಡೆರಡಾಗಿ ಹದಿನೈದು, ಮೂರುಮೂರಾಗಿ ಇಪ್ಪತ್ತು, ನಾಲ್ಕುನಾಲ್ಕಾಗಿ ಹದಿನೈದು, ಐದೈದಾಗಿ ಆರು, ಎಲ್ಲವೂ ಕೂಡಿ ಒಂದು, ಒಟ್ಟು 63. ಇನ್ನೊಂದು ಮಾರ್ಗವನ್ನೂ ತೋರಿಸಬಹುದು. ಪ್ರತಿ ರಸವೂ ಒಂದೋ ಸೇರುತ್ತದೆ, ಇಲ್ಲವೇ ಸೇರುವುದಿಲ್ಲ. ಎರಡನ್ನು ಆರು ಸಲ ಗುಣಿಸಿದರೆ 64. ಯಾವುದೂ ಸೇರದಿರುವ ಒಂದನ್ನು ಕಳೆದರೆ 63. ಎರಡು ದಾರಿಗಳು ಒಂದೇ ಊರಿಗೆ ಸೇರಿದುದನ್ನು ಕಂಡಾಗ ಮಗುವಿಗೆ ಆಗುವ ಸಂತೋಷವೇ ಗಣಿತದ ಮೊದಲ ಪ್ರಸಾದ.

ಮೂರನೆಯದು ಭಿನ್ನರಾಶಿ. ಒಂದನ್ನು, ಮೇಲೆ ಒಂದೇ ಇರುವ ಭಿನ್ನಗಳ ಮೊತ್ತವಾಗಿ ಬರೆಯುವ ಸೂತ್ರವನ್ನು ಆಚಾರ್ಯರು ಹೇಳಿದ್ದಾರೆ. ಅರ್ಧ, ಮೂರರಲ್ಲೊಂದು, ಒಂಬತ್ತರಲ್ಲೊಂದು, ಹದಿನೆಂಟರಲ್ಲೊಂದು ಕೂಡಿದರೆ ಪೂರ್ಣ ಒಂದು. ಹದಿನೆಂಟು ಬೀಜಗಳನ್ನು ನಾಲ್ವರಿಗೆ ಒಂಬತ್ತು, ಆರು, ಎರಡು, ಒಂದು ಎಂದು ಹಂಚಿ ಇದನ್ನು ಸಿದ್ಧಪಡಿಸಿ ತೋರಿಸಬಹುದು. ಮನೆಯಲ್ಲಿ ಒಂದು ರೊಟ್ಟಿಯ ಮೇಲೆಯೂ ಮಾಡಬಹುದು. ಆದರೆ ಹದಿನೆಂಟರಲ್ಲೊಂದು ಭಾಗ ಪಡೆದವನ ತಂಟೆಯನ್ನು ತಾಯಂದಿರೇ ಬಗೆಹರಿಸಬೇಕಾದೀತು!

ನೆರಳಿನಿಂದ ಮಾನಸ್ತಂಭದ ಎತ್ತರ

ಗಣಿತಸಾರಸಂಗ್ರಹದ ಕೊನೆಯ ಅಧ್ಯಾಯ ಛಾಯಾವ್ಯವಹಾರ, ಎಂದರೆ ನೆರಳಿನ ಲೆಕ್ಕ. ಇದಕ್ಕೆ ಬಸದಿಯ ಅಂಗಳಕ್ಕಿಂತ ಉತ್ತಮ ಪ್ರಯೋಗಶಾಲೆ ಬೇರೊಂದಿಲ್ಲ.

ಸಮತಟ್ಟಾದ ನೆಲದಲ್ಲಿ ಒಂದು ವೃತ್ತವನ್ನೆಳೆದು ನಡುವೆ ನೇರವಾದ ಶಂಕುವನ್ನು ನಿಲ್ಲಿಸಬೇಕು. ಬೆಳಿಗ್ಗೆ ಉದ್ದವಾಗಿದ್ದ ನೆರಳು ಕುಗ್ಗುತ್ತ ಅದರ ತುದಿ ವೃತ್ತದೊಳಕ್ಕೆ ಬರುವ ಬಿಂದುವನ್ನೂ, ಮಧ್ಯಾಹ್ನದ ಬಳಿಕ ಹಿಗ್ಗುತ್ತ ಹೊರಕ್ಕೆ ಹೋಗುವ ಬಿಂದುವನ್ನೂ ಗುರುತಿಸಬೇಕು. ಇವೆರಡನ್ನೂ ಸೇರಿಸಿದ ಗೆರೆ ಪೂರ್ವಪಶ್ಚಿಮ ರೇಖೆ. ದಿಕ್ಸೂಚಿಯ ನೆರವಿಲ್ಲದೆ ಸ್ಥಪತಿಗಳು ದೇಗುಲಗಳಿಗೆ ದಿಕ್ಕು ಕಟ್ಟಿದ ಕ್ರಮ ಇದು. ಮಕ್ಕಳು ಈ ರೇಖೆಯನ್ನು ಬಸದಿಯ ಗೋಡೆಯೊಡನೆ ಹೋಲಿಸಿದಾಗ, ಎಷ್ಟೋ ತಲೆಮಾರುಗಳ ಹಿಂದಿನ ಸ್ಥಪತಿಯ ಕೈಚಳಕವನ್ನು ತಾವೇ ಪರೀಕ್ಷಿಸಿದಂತಾಗುತ್ತದೆ.

ಇನ್ನು ಮಾನಸ್ತಂಭ. ಅದನ್ನು ಏರದೆ, ಮುಟ್ಟದೆ, ಎತ್ತರವನ್ನು ಹೇಳಬೇಕು. ಮೂರು ಅಡಿಯ ಕೋಲಿನ ನೆರಳು ಎರಡು ಅಡಿ ಇರುವ ಹೊತ್ತಿನಲ್ಲಿ ಸ್ತಂಭದ ನೆರಳು ಇಪ್ಪತ್ತು ಅಡಿಯಾದರೆ, ತ್ರೈರಾಶಿಕದಿಂದ ಸ್ತಂಭ ಮೂವತ್ತು ಅಡಿ. ಇಲ್ಲಿ ಒಂದು ಸೂಕ್ಷ್ಮವಿದೆ. ಸ್ತಂಭವು ಅಗಲವಾದ ಪೀಠದ ಮೇಲೆ ನಿಂತಿರುವುದರಿಂದ, ನೆರಳನ್ನು ಪೀಠದ ಅಂಚಿನಿಂದ ಅಳೆದರೆ ಉತ್ತರ ಕಡಿಮೆ ಬರುತ್ತದೆ. ಸ್ತಂಭದ ನಡುವಿನಿಂದ ಅಳೆಯಬೇಕು. ನೆಲಕ್ಕೆ ಇಳಿಜಾರಿದ್ದರೂ ಲೆಕ್ಕ ಕೆಡುತ್ತದೆ. ಈ ಎಡವಟ್ಟುಗಳನ್ನು ಪುಸ್ತಕವು ಕಲಿಸದು, ಅಂಗಳವು ಕಲಿಸುತ್ತದೆ. ನಾಲ್ಕು ತಂಡಗಳಿಗೆ ನಾಲ್ಕು ಉತ್ತರ ಬಂದಾಗ ಯಾರದು ಸರಿಯೆಂದು ಜಗಳವಾಡುವ ಬದಲು, ಯಾರು ಎಲ್ಲಿ ನಿಂತು ಅಳೆದರೆಂದು ವಿಚಾರಿಸುವ ಅಭ್ಯಾಸ ಬೆಳೆದರೆ ಅನೇಕಾಂತದ ಮೊದಲ ಪಾಠವೂ ಅಲ್ಲಿಯೇ ಆದಂತೆ.

ಕರ್ನಾಟಕದ ಊರುಗಳಲ್ಲಿ ವರ್ಷಕ್ಕೆ ಎರಡು ದಿನ ಮಧ್ಯಾಹ್ನ ಸೂರ್ಯನು ನೆತ್ತಿಯ ನೇರಕ್ಕೆ ಬಂದು ನೆಟ್ಟ ಕೋಲಿಗೆ ನೆರಳೇ ಇಲ್ಲದಂತಾಗುತ್ತದೆ. ಮೂಡಬಿದಿರೆ, ಕಾರ್ಕಳಗಳ ಆಸುಪಾಸಿನಲ್ಲಿ ಇದು ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮೂರನೆಯ ವಾರದ ಸುಮಾರಿಗೆ ಮತ್ತೊಮ್ಮೆ. ಆಗಸ್ಟಿನಲ್ಲಿ ಕರಾವಳಿಯ ಮಳೆಯು ಅವಕಾಶ ಕೊಡಲಾರದು; ಏಪ್ರಿಲಿನದು ಬೇಸಗೆ ರಜೆಯ ದಿನ. ಶಿಬಿರಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕಿಲ್ಲ.

ದಾರ, ತಟ್ಟೆ ಮತ್ತು ಜಂಬೂದ್ವೀಪ

ಒಂದು ಲಕ್ಷ ಯೋಜನ ವ್ಯಾಸದ ಜಂಬೂದ್ವೀಪದ ಪರಿಧಿಯನ್ನು ಆಗಮ ಪರಂಪರೆಯು 316227 ಯೋಜನ, 3 ಕ್ರೋಶ, 128 ಧನುಸ್ಸು, 13½ ಅಂಗುಲಕ್ಕೆ ಸ್ವಲ್ಪ ಹೆಚ್ಚು ಎಂದು ಹೇಳುತ್ತದೆ. ಇಷ್ಟು ಸೂಕ್ಷ್ಮವಾದ ಅಂಕಿ ಬಂದುದು ವ್ಯಾಸವನ್ನು ಹತ್ತರ ವರ್ಗಮೂಲದಿಂದ ಗುಣಿಸಿದುದರಿಂದ. ಒರಟು ಲೆಕ್ಕಕ್ಕೆ ಮೂರು, ಸೂಕ್ಷ್ಮ ಲೆಕ್ಕಕ್ಕೆ ಹತ್ತರ ವರ್ಗಮೂಲ ಎಂಬುದು ಮಹಾವೀರಾಚಾರ್ಯರ ಗ್ರಂಥದಲ್ಲಿಯೂ ಕಾಣುವ ಕ್ರಮ.

ಹತ್ತು ಸೆಂಟಿಮೀಟರು ವ್ಯಾಸದ ತಟ್ಟೆಯೊಂದಕ್ಕೆ ಮಕ್ಕಳು ದಾರ ಸುತ್ತಲಿ. ಬಳಿಕ ಕಾಗದದ ಮೇಲೆ ಹತ್ತು ಸೆಂಟಿಮೀಟರಿನ ಗೆರೆಯನ್ನೂ ಅದರ ತುದಿಗೆ ಲಂಬವಾಗಿ ಮೂವತ್ತು ಸೆಂಟಿಮೀಟರಿನ ಗೆರೆಯನ್ನೂ ಎಳೆದು, ಎರಡು ತುದಿಗಳನ್ನು ಸೇರಿಸಲಿ. ಹತ್ತರ ವರ್ಗಮೂಲದ ಪ್ರಕಾರ ಬರುವ ಪರಿಧಿ ಆ ಕರ್ಣದ ಉದ್ದ, ಸುಮಾರು 31.6. ತಟ್ಟೆಯ ಸುತ್ತಿನ ದಾರವಾದರೋ 31.4. ಎರಡು ಮಿಲಿಮೀಟರಿನ ವ್ಯತ್ಯಾಸವು ಕಣ್ಣಿಗೆ ಕಾಣುತ್ತದೆ. ಮೂರರ ಲೆಕ್ಕವಾದರೆ ಒಂದೂವರೆ ಸೆಂಟಿಮೀಟರಿನಷ್ಟು ಕೊರತೆ. ಹತ್ತರ ವರ್ಗಮೂಲವು ಸತ್ಯಕ್ಕೆ ಎಷ್ಟು ಸಮೀಪ, ಎಷ್ಟು ದೂರ ಎಂಬುದು ಎರಡೂ ಒಂದೇ ದಾರದಲ್ಲಿ ತಿಳಿಯುತ್ತದೆ.

ಹೆಮ್ಮೆಯೂ ಸತ್ಯವೂ

ಇಲ್ಲಿ ಒಂದು ಆಕ್ಷೇಪ ಏಳಬಹುದು. ಪೂರ್ವಾಚಾರ್ಯರ ಮಾತಿನಲ್ಲಿ ಕೊರತೆಯನ್ನು ತೋರಿಸಿದರೆ ಮಕ್ಕಳ ಶ್ರದ್ಧೆ ಕುಂದದೆ, ಎಂದು. ಹಿರಿಯರ ಈ ಅಂಜಿಕೆಯನ್ನು ಹಗುರವಾಗಿ ಕಾಣಬಾರದು. ಶ್ರದ್ಧೆಯಿಲ್ಲದ ಕಲಿಕೆ ಬೇರು ಬಿಡುವುದಿಲ್ಲ ಎಂಬುದು ನಿಜವೇ. ಆದರೆ ಪರೀಕ್ಷೆಗೆ ನಿಲ್ಲದ ಹೊಗಳಿಕೆಯೂ ಬೇರು ಬಿಡುವುದಿಲ್ಲ. ಎಲ್ಲ ಆಧುನಿಕ ಯಂತ್ರಗಳೂ ಹಿಂದೆಯೇ ಇದ್ದುವೆಂದು ಬಾಲ್ಯದಲ್ಲಿ ಕೇಳಿದ ಹುಡುಗನು, ಕಾಲೇಜಿನಲ್ಲಿ ಅದು ಹುಸಿಯೆಂದು ತಿಳಿದ ದಿನ ಆ ಹುಸಿಯೊಡನೆ ನಿಜವಾದ ಧವಲವನ್ನೂ ಗಣಿತಸಾರಸಂಗ್ರಹವನ್ನೂ ತಳ್ಳಿಬಿಡುತ್ತಾನೆ. ನಷ್ಟವಾಗುವುದು ಯಾರಿಗೆ?

ಸೊನ್ನೆಯ ಪ್ರಸಂಗ ಇದಕ್ಕೆ ತಕ್ಕ ಉದಾಹರಣೆ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುವುದೆಂದು ಮಹಾವೀರಾಚಾರ್ಯರು ಹೇಳಿದ್ದಾರೆ. ಇದನ್ನು ಇಂದಿನ ಗಣಿತ ಒಪ್ಪುವುದಿಲ್ಲ. ಮಕ್ಕಳಿಗೆ ಹನ್ನೆರಡು ಬೀಜಗಳನ್ನು ಕೊಡಬಹುದು. ನಾಲ್ಕು ನಾಲ್ಕಾಗಿ ತೆಗೆದರೆ ಮೂರು ಬಾರಿಗೆ ಮುಗಿಯುತ್ತದೆ. ಸೊನ್ನೆ ಸೊನ್ನೆಯಾಗಿ ತೆಗೆದರೆ ಎಷ್ಟು ಬಾರಿಗೆ ಮುಗಿದೀತು? ಎಂದಿಗೂ ಮುಗಿಯದು. ಆಚಾರ್ಯರು ಹಾಗೇಕೆ ಹೇಳಿರಬಹುದು ಎಂದು ಮಕ್ಕಳನ್ನೇ ಕೇಳಿದರೆ, ಪಡೆಯುವವರೇ ಇಲ್ಲದಿದ್ದಾಗ ಹಂಚಬೇಕಾದುದು ಹಾಗೆಯೇ ಉಳಿಯುತ್ತದಲ್ಲ ಎಂದು ಯಾವನಾದರೂ ಚುರುಕು ಹುಡುಗನು ಹೇಳದಿರಲಾರನು. ಮುಂದೆ 1150ರಲ್ಲಿ ಭಾಸ್ಕರಾಚಾರ್ಯರು ಅದನ್ನು ಅನಂತವೆಂದರು. ಇಂದಿನ ಗಣಿತಜ್ಞರು ಅದಕ್ಕೆ ಅರ್ಥವನ್ನೇ ಕಲ್ಪಿಸಿಲ್ಲ. ಅದೇ ಮಹಾವೀರಾಚಾರ್ಯರು, ಋಣಸಂಖ್ಯೆಯು ಸ್ವಭಾವತಃ ವರ್ಗವಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಗುರುತಿಸಿದರು. ಒಂದೆಡೆ ತಪ್ಪಿ ಇನ್ನೊಂದೆಡೆ ಬಹುದೂರ ಕಂಡ ಆ ಮನುಷ್ಯ ಮಗುವಿಗೆ ಹತ್ತಿರದವನಾಗುತ್ತಾನೆ. ಕೇವಲಜ್ಞಾನಿಗಲ್ಲದೆ ಉಳಿದವರಿಗೆ ಜ್ಞಾನವು ಅಪೂರ್ಣವೆಂಬುದನ್ನು ಜೈನದರ್ಶನವೇ ಹೇಳಿರುವಾಗ, ಆಚಾರ್ಯರ ಒಂದು ಲೆಕ್ಕ ತಪ್ಪಿತೆಂಬುದರಿಂದ ಧರ್ಮಕ್ಕೆ ಚ್ಯುತಿ ಬಾರದು.

ಓಲೆ ಮತ್ತು ಎರಕ

ಕೈಯ ಕೆಲಸಗಳಲ್ಲಿ ಇನ್ನೆರಡನ್ನು ಹೇಳಬೇಕು. ಶ್ರೀತಾಳೆಯ ಎಲೆಯನ್ನು ಕತ್ತರಿಸಿ, ಬೇಯಿಸಿ, ಒಣಗಿಸಿ, ಉಜ್ಜಿ ನುಣುಪುಗೊಳಿಸಿ, ಕಬ್ಬಿಣದ ಲೇಖನಿಯಿಂದ ಕೊರೆದು, ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ತೊಡೆದು ಒರೆಸಿದರೆ, ಗೀರಿನೊಳಗೆ ಮಾತ್ರ ಕಪ್ಪು ನಿಂತು ಅಕ್ಷರ ಎದ್ದು ಕಾಣುತ್ತದೆ. ನಾರಿನ ಉದ್ದಕ್ಕೆ ನೇರ ಗೆರೆ ಎಳೆದರೆ ಓಲೆ ಸೀಳುತ್ತದೆ. ಬಾಗಿದ ಗೆರೆಗೆ ಸೀಳದು. ಕನ್ನಡ ಲಿಪಿಯ ದುಂಡುತನಕ್ಕೆ ಇದೂ ಒಂದು ಕಾರಣವೆಂದು ಹೇಳುವುದುಂಟು. ಮಕ್ಕಳು ತಾವೇ ಬರೆದು ನೋಡಲಿ. ಮಜ್ಜಿಗೆ ಹುಲ್ಲಿನ ಎಣ್ಣೆಯನ್ನು ಸವರಿದರೆ ಓಲೆ ಮೆದುವಾಗಿರುತ್ತದೆ, ಹುಳುವೂ ದೂರವಿರುತ್ತದೆ. ಹಳೆಯ ಗ್ರಂಥಗಳ ಮೇಲೆ ಪ್ರಯೋಗ ಸಲ್ಲದು. ಹೊಸ ಓಲೆಯ ಮೇಲೆ ತನ್ನ ಹೆಸರನ್ನು ಕೊರೆಯಲು ಒಂದು ಗಂಟೆ ತೆಗೆದುಕೊಂಡ ಹುಡುಗಿಗೆ, ಧವಲವನ್ನು ಬರೆದವರ ತಪಸ್ಸು ಭಾಷಣವಿಲ್ಲದೆ ಅರ್ಥವಾಗುತ್ತದೆ. ವಿದ್ವಾನ್ ಕೆ. ಭುಜಬಲಿ ಶಾಸ್ತ್ರಿಗಳು ಊರೂರ ಭಂಡಾರಗಳ ಓಲೆಗಳನ್ನು ಪಟ್ಟಿಮಾಡಿ 1948ರಲ್ಲಿ ಪ್ರಕಟಿಸಿದ ಸೂಚಿಯ ಬೆಲೆಯೂ ಆಗಲೇ ತಿಳಿಯುತ್ತದೆ.

ಎರಡನೆಯದು ಎರಕ. ಮೇಣದಲ್ಲಿ ಬಿಂಬವನ್ನು ಮಾಡಿ, ಮಣ್ಣನ್ನು ಲೇಪಿಸಿ, ಕಾಯಿಸಿ ಮೇಣವನ್ನು ಹೊರಹರಿಸಿ, ಆ ಟೊಳ್ಳಿಗೆ ಲೋಹವನ್ನೆರೆಯುವ ವಿಧಾನವನ್ನು ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಹನ್ನೆರಡನೆಯ ಶತಮಾನದಲ್ಲಿ ವಿವರಿಸಿದೆ. ಮೇಣದ ತೂಕದಿಂದ ಬೇಕಾದ ಲೋಹದ ತೂಕವನ್ನು ಲೆಕ್ಕಹಾಕುವ ಕ್ರಮವೂ ಅಲ್ಲಿದೆ. ಒಂದೇ ಗಾತ್ರಕ್ಕೆ ತಾಮ್ರವು ಮೇಣದ ಸುಮಾರು ಒಂಬತ್ತರಷ್ಟು, ಚಿನ್ನವು ಸುಮಾರು ಇಪ್ಪತ್ತರಷ್ಟು ತೂಗುತ್ತದೆಂಬುದು ಇಂದಿನ ಅಳತೆ. ಜೇನುಮೇಣವು ಶ್ರಾವಕರ ಮನೆಗೆ ಒಗ್ಗದು. ಮೇಣದಬತ್ತಿಯ ಮೇಣವೇ ಸಾಕು. ಕರಗಿದ ಲೋಹದ ಬಳಿ ಮಕ್ಕಳು ಸುಳಿಯಬಾರದು. ಅದನ್ನು ನುರಿತ ಎರಕದವರೇ ಮಾಡಿ ತೋರಿಸಲಿ. ಮಕ್ಕಳು ಮಣ್ಣಿನ ಅಚ್ಚನ್ನು ಮಾಡಿ ಅದಕ್ಕೆ ಗಾರೆಯ ಹುಡಿಯ ಕಲಸನ್ನು ಎರೆದರೂ ತತ್ತ್ವವು ಮನಸ್ಸಿಗೆ ಹತ್ತುತ್ತದೆ. ಎಲೆ, ಹೂ, ಹಣ್ಣುಗಳ ಆಕೃತಿಗಳೇ ಸಾಕು. ಪೂಜ್ಯ ಬಿಂಬಗಳನ್ನು ಆಟಕ್ಕೆ ಎಳೆಯಬೇಕಾಗಿಲ್ಲ.

ಶಾಸ್ತ್ರದಾನದ ಹೊಸ ರೂಪ

ಕನ್ನಡದಲ್ಲಿ ಗಣಿತವನ್ನು ಬರೆದ ರಾಜಾದಿತ್ಯನೂ ಜೈನನೇ. ಹನ್ನೆರಡನೆಯ ಶತಮಾನದಲ್ಲಿ ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದುವನ್ನು ಅವನು ಜನರ ಭಾಷೆಯಲ್ಲಿ ರಚಿಸಿದುದು, ಶಾಸ್ತ್ರವು ಸಂಸ್ಕೃತಜ್ಞರ ಸೊತ್ತಾಗಿಯೇ ಉಳಿಯದಿರಲೆಂದೇ ಅಲ್ಲವೆ? ಅವನಿಗೂ ಹಿಂದೆ, ಹತ್ತನೆಯ ಶತಮಾನದ ಕೊನೆಯಲ್ಲಿ, ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಜಿನಬಿಂಬಗಳನ್ನು ಮಾಡಿಸಿ ದಾನವಿತ್ತ ಅದೇ ಕೈಗಳು ಗ್ರಂಥವನ್ನೂ ದಾನವಿತ್ತುವು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಕೊನೆಯದನ್ನು ಆಕೆ ಬಿಂಬಪ್ರತಿಷ್ಠೆಗಿಂತ ಕಡಿಮೆಯೆಂದು ಎಣಿಸಲಿಲ್ಲ.

ಪ್ರತಿಷ್ಠೆಯ ಈ ವರ್ಷದಲ್ಲಿ ಆ ದಾನಕ್ಕೆ ಒಂದು ಹೊಸ ರೂಪ ಕೊಡಬಹುದು. ಬಸದಿಗೊಂದು ಮರದ ಪೆಟ್ಟಿಗೆ. ಅದರಲ್ಲಿ ಹುಣಸೆಬೀಜ, ಬಣ್ಣದ ಮಣಿ, ದಾರ, ತಟ್ಟೆ, ಶಂಕು, ಒಂದು ಕಟ್ಟು ಖಾಲಿ ಓಲೆ, ಲೇಖನಿ, ಜೊತೆಗೆ ಗಣಿತಸಾರಸಂಗ್ರಹದ ಕನ್ನಡ ಪ್ರತಿ. ಇದರ ವೆಚ್ಚ ಒಂದು ದಿನದ ಅಲಂಕಾರದ ಹೂವಿಗಿಂತ ಹೆಚ್ಚಾಗದು. ಶ್ರುತಪಂಚಮಿಗೆ ಓಲೆಯ ಪಾಠ, ಬೇಸಗೆ ರಜೆಯಲ್ಲಿ ನೆರಳಿನ ಪಾಠ, ಭಾದ್ರಪದದ ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ದಿನಕ್ಕೊಂದು ಲೆಕ್ಕ. ಕಲಿಸಲು ಮಹಾಪಂಡಿತರೇ ಬೇಕಿಲ್ಲ. ಊರಿನ ಶಾಲೆಯ ಗಣಿತದ ಅಧ್ಯಾಪಕರೊಬ್ಬರು, ಬಡಗಿಯೊಬ್ಬರು, ಓಲೆಯನ್ನೋದಬಲ್ಲ ಹಿರಿಯರೊಬ್ಬರು ಕೂಡಿದರೆ ಸಾಕು. ಓಲೆಯನ್ನೋದಬಲ್ಲ ಹಿರಿಯರು ವರ್ಷವರ್ಷಕ್ಕೂ ವಿರಳರಾಗುತ್ತಿರುವುದರಿಂದ ಈ ಕಾರ್ಯವನ್ನು ಮುಂದಿನ ಪ್ರತಿಷ್ಠೆಯವರೆಗೆ ಮುಂದೂಡುವಂತಿಲ್ಲ.

ಇಂದು ಪ್ರತಿಷ್ಠಾಪಿತವಾದ ಬಿಂಬದೆದುರು ಮುಂದಿನ ತಲೆಮಾರು ಕೈಮುಗಿದು ನಿಲ್ಲುವುದು ಖಂಡಿತ. ಆ ಮುಗಿದ ಕೈಗಳಿಗೆ ಶಂಕುವನ್ನು ನೆಡಲೂ, ಓಲೆಯನ್ನು ಬಿಚ್ಚಿ ಓದಲೂ ಬರಬೇಕೆಂಬುದಷ್ಟೇ ಪ್ರಾರ್ಥನೆ. ಸರ್ವರಿಗೂ ಸಮ್ಯಗ್ಜ್ಞಾನವು ಲಭಿಸಲಿ.

ಜೈ ಜಿನೇಂದ್ರ.